ಐಸಿನ ಲೆಕ್ಕ

ಬೇತಿಮ್ ಕಡೆ ಐಸ್ ಫ್ಯಾಕ್ಟರಿ ಬಾಗಿಲಾ ತೆರೆದ್ರ
ನನಗ ಸಂಜಿ ಆದಂಗ.
ಹೊತ್ತು ಮುಳುಗೂದು ಆಮ್ಯಾಲ, ತನ್ನ ಪಾಡಿಗೆ ತಾನು.
ನಾಲ್ಕು ಲಾದಿ, ಮ್ಯಾಲ ಹೊಟ್ಟು, ಅದರ ಮ್ಯಾಲ ಹಸಿ ಗೋಣಿ.
ಗಾಡಿ ಮಾಂಡವಿ ಸೇತುವಿ ಹತ್ತಿದಾಗಿಂದ
ನನ್ನ ಹಿಂದ ಒಂದು ನೀರಿನ ಗೆರಿ.
ಪಣಜಿಗೆ ಯಾರರ ನನ್ನ ಹುಡುಕ್ಕೊಂಡು ಬಂದ್ರ
ಆ ಗೆರಿ ಹಿಡದು ಬರ್ರಿ.
ಲಗೂ ಬರ್ರಿ, ಅಷ್ಟ. ಆರತೈತಿ.

ಫೊಂತೈನ್ಯಾಸ್ ಓಣ್ಯಾಗ ಗ್ವಾಡಿಗೆಲ್ಲ ಬಣ್ಣ ಭಾಳ.
ಅರಿಷಿಣ, ನೀಲಿ, ಕೆಮ್ಮಣ್ಣು.
ಊರೂರಿಂದ ಬಂದ ಹುಡುಗ್ಯಾರು ಬೆನ್ನು ಹಚ್ಚಿ ನಿಂತು
ಫೋಟೋ ತಗಸ್ಕೋತಾರ.
"ಭೈಯಾ, ಗಾಡಿ ಸ್ವಲ್ಪ ಆಕಡೆ."
ಸರಸ್ತೀನಿ.
ಫೋಟೋದಾಗ ನಾ ಇರೂದಿಲ್ಲ,
ಅವರ ಚಪ್ಪಲಿ ಕೆಳಗ ನೀರು ಇರತೈತಿ.

ಇಲ್ಲಿ ಒಂದು ರಸ್ತಾದ ಹೆಸರು ಒಂದು ತಾರೀಖು:
ಜನವರಿ ಮೂವತ್ತೊಂದು.
ಅವತ್ತೇನಾತು ಅಂತ ಕೇಳಿದ್ರ
ಪಾವ್ ಮಾರೋ ಹುಡುಗ ಪೋಂ ಅಂತ ಹಾರ್ನ್ ಒತ್ತಿ ಹೋದ.
ನನ್ನ ತಾರೀಖು ಜೂನ್ ಒಂದು. ಮಾಸ್ತರು ಬರದದ್ದು.
ನಮ್ಮ ಓಣಿ ಹುಡುಗರೆಲ್ಲ ಜೂನ್ ಒಂದಕ್ಕ ಹುಟ್ಟಿದವರು.
ಒಬ್ಬಾಕಿ ಸೂಲಗಿತ್ತಿ,
ಪಾಪ, ಒಂದ ದಿನ ಎಷ್ಟು ಮನಿ ಓಡಿದಳೋ.

ಯಾರ ಮನ್ಯಾಗ ಎಷ್ಟು ರಾತ್ರಿ
ನನಗ ಕಿಲೋದಾಗ ಗೊತ್ತು.
ಸೊಕೊರ್ರೋನ ಬಾರಿಗೆ ಒಂದು ಲಾದಿ, ಶನಿವಾರ ಎರಡು,
ಗಿಟಾರಿನ ಹುಡುಗ ಬಂದ್ರ ಮ್ಯಾಲ ಅರ್ಧ.
ರೊಸ್ ಆಮ್ಲೆಟ್ ಗಾಡಿಯವಗ ಬರೇ ಚೂರು,
ಅವನ ಸೋಡಾ ತಣ್ಣಗಿರಬೇಕು, ಮಾತು ಬಿಸಿ ಇದ್ರೂ ನಡೀತೈತಿ.
ಹೊಸಾ ಹೋಟೆಲಿನವರ ಕಡೆ ಮಶಿನ್ ಐತಿ,
ಒಂದ ಅಳತಿ ಚೌಕ ತುಂಡು ಹಡೀತೈತಿ ದಿನಾ.
ಕರೆಂಟ್ ಹೋದ ದಿನ ಮಾತ್ರ ನನ್ನ ಹೆಸರು ನೆನಪಾಗತೈತಿ ಅವರಿಗೆ.
ಅತ್ತಾಗ ನದಿ ಮ್ಯಾಲ ಜೂಜಿನ ಹಡಗು,
ಮೈತುಂಬ ದೀಪ, ನಿಂತಲ್ಲೇ ನಿಂತೈತಿ.
ಎಲ್ಲಿಗೂ ಹೋಗದ ಹಡಗು ತಪ್ಪೀತು ಅಂತ
ಮಂದಿ ಹೆಂಗ ಓಡ್ತಾರ ನೋಡ್ರಿ.

ಕಡೀಕ, ಮೆಟ್ಟಿಲ ಓಣಿ ತುದಿಗೆ, ಎರ್ಮೆಲಿಂದಾ ಬಾಯಿ.
ಆಕಿ ತಾವೆರ್ನಾ ಮುಚ್ಚಿ ಮೂರು ವರ್ಸಾತು.
ಬೋರ್ಡು ಮಂಚದ ಕೆಳಗ, ಗ್ಲಾಸು ಕಪಾಟಿನಾಗ ಬೋರಲು.
ಆದ್ರೂ ದಿನಾ ಕಾಲು ಲಾದಿ ಬೇಕು.
ರೊಕ್ಕ ಎಣಿಸಿ ಕೊಡ್ತಾಳ, ಐಸು ತೊಟ್ಯಾಗ ಹಾಕಸ್ತಾಳ,
ಬೆಳಿಗ್ಗೆ ಆ ನೀರು ಗಿಡಕ್ಕ.
"ಯಾಕ ಬಾಯಿ?" ಅಂದೆ ಒಮ್ಮೆ, ನನ್ನ ಮುರುಕ ಕೊಂಕಣ್ಯಾಗ.
"ನೀ ನನ್ನ ಬಾಗಿಲದಾಗ ನಿಲ್ಲೂದು ಬೀದಿ ನೋಡ್ಲಿ.
ನೀ ಬರೂದು ನಿಂತ ಮರುದಿನ
ಆ ಹೋಟೆಲಿನವರು ಬರ್ತಾರ,
ಮನಿ ಎಷ್ಟಕ್ಕ, ಅಂತ."

ಮೊನ್ನೆ ಮಂಗಳವಾರ ಗಿರಾಕಿ ಕಡಿಮಿ.
"ಮ್ಯಾಲ ಬಾ" ಅಂದಳು.
ಹನ್ನೊಂದು ವರ್ಸದಾಗ ಮೊದಲ ಸಲ
ಈ ಬೀದಿ ಮ್ಯಾಲಿಂದ ನೋಡಿದೆ.
ಹೆಂಚಿನ ಮ್ಯಾಲ ಬೆಕ್ಕು, ಯಾರದೋ ಕಿಡಕಿಯಾಗ ಪಿಟೀಲು
ಒಂದ ಸಾಲು ತಪ್ಪಿ ತಪ್ಪಿ ಕಲಿಯೂದು,
ಕೆಳಗ ನನ್ನ ಗೆರಿ, ಮೆಟ್ಟಿಲತನಕ ಬಂದು ನಿಂತದ್ದು.
ಬೋರಲು ಗ್ಲಾಸು ಎರಡು ಎತ್ತಿ ಒರಸಿದಳು.
ಉರ್ರಾಕು ಹಾಕಿ, ಮೊಳಿಯಿಂದ ಐಸು ಒಡದು,
ನಾ ಹೊತ್ತು ತಂದದ್ದನ್ನ ನನಗ ಕೊಟ್ಟಳು.
ಗ್ಲಾಸಿನಾಗ ಚಟ್ ಅಂತು.
ಐಸು ಹಿಂಗ ಮಾತಾಡತೈತಿ ಅಂತ ನನಗ ಗೊತ್ತಿರಲಿಲ್ಲ,
ನಾ ಕೇಳಿದ್ದು ಗರಗಸ ಅಷ್ಟ.

ಕೆಳಗ ಯಾರೋ ಹುಡುಗಿ:
"ಈ ಗಾಡಿ ಯಾರದು? ಸ್ವಲ್ಪ ಆಕಡೆ..."
ಬಾಯಿ ಕಟಾಂಜನದಿಂದ ಬಗ್ಗಿ ನೋಡಿದಳು:
"ನೀ ಸರಿ ಮಗಳ. ಗಾಡಿ ಅಲ್ಲೇ ಇರಲಿ."

ಸೊಕೊರ್ರೋನ ಲಾದಿ ಅದರಾಗ ಕರಗಾಕ ಹತ್ತಿತ್ತು.
ಫೋನು ಎರಡು ಸಲ ಬಡಕೊಂತು.
ಇನ್ನ ಅರ್ಧ ಗ್ಲಾಸಿತ್ತು.
ಹೋದ್ರ ಒಂದೆರಡು ಕಿಲೋ ಹೋದೀತು.
ಅದನ್ನ ನನ್ನ ಹೆಸರಿಗೆ ಬರಕೋರಿ.